ಗೆಲ್ಲುವ ಆಸೆಯನ್ನು ಎಲ್ಲಿಡುವುದು?

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಊರಿನವರೇ ನಗೆಯಾಡುತ್ತಾರೆ. ಹಾಗಾಗಿ ಮೈ ದಂಡಿಸುವವರಿಗೆ ಇಲ್ಲಿ ನಸುಕೇ ಗತಿ. ಕೋಟೆ ಗುಡ್ಡದ ಸುತ್ತಲಿನ ಹಳೆಯ ಓಣಿಗಳಲ್ಲಿ ಗರಡಿ ಮನೆಗೆ ಹೋಗುವ ಹುಡುಗ ಕೋಳಿ ಕೂಗುವ ಮುಂಚೆ ಎದ್ದಿರುತ್ತಾನೆ. ಹೊಸಪೇಟೆ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಮಕ್ಕಳಿಗೂ ಬಿಸಿಲೇರುವ ಮೊದಲೇ ಮೈದಾನಕ್ಕಿಳಿಯುವ ಆತುರ. ಒಂದು ಕಡೆ ಕೆಮ್ಮಣ್ಣು, ಲಂಗೋಟಿ, ಗದೆ. ಇನ್ನೊಂದು ಕಡೆ ಸಿಂಥೆಟಿಕ್ ಟ್ರ್ಯಾಕು, ಫಿಸಿಯೊ, ಊಟದ ಲೆಕ್ಕ ಬರೆದಿಡುವ ಆಹಾರತಜ್ಞರು. ಇವೆರಡರ ನಡುವೆ ಒಂದು ಶತಮಾನದ ಅಂತರವಿದ್ದಂತೆ ಕಾಣುತ್ತದೆ.

ಆದರೆ ಎರಡೂ ಕಡೆ ದಿನ ಶುರುವಾಗುವುದು ತಲೆಬಾಗುವುದರಿಂದ. ಗರಡಿಯ ಹುಡುಗ ಚಪ್ಪಲಿ ಹೊರಗೆ ಬಿಟ್ಟು, ಆಂಜನೇಯನ ಪಟಕ್ಕೆ ಕೈಮುಗಿದು, ವಸ್ತಾದರ ಕಾಲು ಮುಟ್ಟಿ, ಮಣ್ಣನ್ನು ಹಣೆಗೆ ಹಚ್ಚಿಕೊಂಡು ಕಣಕ್ಕಿಳಿಯುತ್ತಾನೆ. ಜೂಡೊ ಕಲಿಯುವ ಹುಡುಗಿ ಚಾಪೆಯ ಅಂಚಿನಲ್ಲಿ ನಿಂತು ಒಮ್ಮೆ, ಎದುರಾಳಿಯ ಮುಂದೆ ಇನ್ನೊಮ್ಮೆ ಬಾಗುತ್ತಾಳೆ. ಇಬ್ಬರೂ ಬಂದಿರುವುದು ಗೆಲ್ಲಲಿಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಹಾಗಿದ್ದರೆ ಕರ್ಮ ಮಾಡು, ಫಲ ನಿನ್ನದಲ್ಲ ಎಂದು ಬೋಧಿಸುವ ನಾಡಿನಲ್ಲಿ ಪದಕಕ್ಕಾಗಿ ಬದುಕುವವರನ್ನು ಏನೆಂದು ಕರೆಯುವುದು? ಆಸೆ ಬಿಟ್ಟವನು ಓಟದಲ್ಲಿ ಮೊದಲಿಗನಾಗಬಲ್ಲನೇ? ಆಸೆ ಬಿಡದವನಿಗೆ ಧರ್ಮದ ಮಾತಾಡುವ ಹಕ್ಕುಂಟೇ?

ಈ ಸೀಮೆಗೆ ಈ ಪ್ರಶ್ನೆ ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರದ ಗುಂಡುಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿವರಸೆ ಮಾಡುತ್ತಿದ್ದ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ, ಅದಾದ ಮೇಲೆ ಬಯಲಲ್ಲಿ ಕುದುರೆ ಸವಾರಿ. ಇಷ್ಟೂ ಮುಗಿಯುವುದು ಸೂರ್ಯ ಹುಟ್ಟುವ ಮೊದಲು. ಬಳಿಕ ಸ್ನಾನ, ಅರಮನೆಯೊಳಗಿನ ದೇವಸ್ಥಾನದಲ್ಲಿ ಪೂಜೆ. ಪಾಯಸ್‌ನ ವರದಿಯಲ್ಲಿ ಗಮನಿಸಬೇಕಾದದ್ದು ಈ ಕ್ರಮ. ಸಾಮು ಮುಗಿಸಿ, ಬೆವರು ತೊಳೆದುಕೊಂಡು, ಆಮೇಲೆ ದೇವರ ಮುಂದೆ ನಿಲ್ಲುವುದು. ಸಾಮ್ರಾಜ್ಯವೇ ಕಾಲ ಬುಡದಲ್ಲಿದ್ದವನಿಗೆ ಜಟ್ಟಿಯ ಕೈಯಲ್ಲಿ ನೆಲಕ್ಕೆ ಬೀಳುವ ಅಗತ್ಯವಾದರೂ ಏನಿತ್ತು? ರಾಯನನ್ನು ಜಟ್ಟಿ ನಿಜವಾಗಿ ಕೆಡವುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು.

ಹಂಪಿಯ ಕಲ್ಲುಗಳಲ್ಲಿ ಕುಸ್ತಿಯ ಶಿಲ್ಪಗಳು ಇಂದಿಗೂ ಇವೆ. ಆ ಪರಂಪರೆಯ ಬಡ ಸಂಬಂಧಿಯೇ ಇಂದಿನ ಗರಡಿ.

ಗರಡಿಯ ಮಣ್ಣನ್ನು ಹತ್ತಿರದಿಂದ ನೋಡಿದವರಿಗೆ ಅಲ್ಲಿ ಗುಣ ಹೇಗೆ ಬೆಳೆಯುತ್ತದೆ ಎಂಬುದು ಉಪನ್ಯಾಸವಿಲ್ಲದೆ ತಿಳಿಯುತ್ತದೆ. ಹೊಲದಿಂದ ತಂದು ಸುರಿದರೆ ಅದು ಗರಡಿಯ ಮಣ್ಣಾಗುವುದಿಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲುಕಡ್ಡಿ ತೆಗೆದು, ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡುತ್ತಾರೆ. ದಿನವೂ ಗುದ್ದಲಿಯಿಂದ ಅಗೆದು ಸಡಿಲ ಮಾಡದಿದ್ದರೆ ನೆಲ ಬಿಗಿದುಕೊಂಡು ಬಿದ್ದವನ ಹೆಗಲು ಮುರಿಯುತ್ತದೆ. ಈ ಕೆಲಸಕ್ಕೆ ಕೂಲಿಯಾಳು ಇಲ್ಲ, ಪೈಲ್ವಾನರೇ ಅಗೆಯಬೇಕು. ಹೊಸದಾಗಿ ಸೇರಿದ ಹುಡುಗನ ಪಾಲಿಗೆ ಅದು ಇನ್ನಷ್ಟು ಹೆಚ್ಚು. ಪಟ್ಟು ಕಲಿಯುವ ಆತುರದಲ್ಲಿ ಬಂದವನಿಗೆ ಮೊದಲು ಸಿಗುವುದು ಗುದ್ದಲಿ, ದಂಡ, ಬಸ್ಕಿ ಮತ್ತು ವಸ್ತಾದರ ಬೈಗುಳ. ಆತ ಹದ ಮಾಡುತ್ತಿರುವುದು ತಾನು ಬೀಳಲಿರುವ ಜಾಗವನ್ನು. ತನ್ನ ಎದುರಾಳಿ ಬೀಳಲಿರುವ ಜಾಗವೂ ಅದೇ.

ಇಂಥ ಕಡೆ ಒಂದೆರಡು ವರ್ಷ ಕಳೆದವನಿಗೆ ಪ್ರೇರಣೆಯ ಭಾಷಣ ಕೇಳಿಸಬೇಕಾದ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಒಂದು ದೂರು ಹೇಳುತ್ತಾನೆ: ಮನಸ್ಸು ಗಾಳಿಯ ಹಾಗೆ, ಹಿಡಿಯಲಿಕ್ಕಾಗುವುದಿಲ್ಲ. ಕೃಷ್ಣ ಅದನ್ನು ಅಲ್ಲಗಳೆಯದೆ ಎರಡು ಮದ್ದು ಹೇಳುತ್ತಾನೆ, ಅಭ್ಯಾಸ ಮತ್ತು ವೈರಾಗ್ಯ. ಪ್ರವಚನಗಳಲ್ಲಿ ವೈರಾಗ್ಯದ ಮಾತೇ ಜಾಸ್ತಿ, ಅಭ್ಯಾಸ ಹಿಂದೆ ಸರಿದುಬಿಡುತ್ತದೆ. ಕ್ರೀಡಾಂಗಣದಲ್ಲಿ ಇದು ತಿರುವುಮುರುವು. ಅಭ್ಯಾಸದ ಬಗ್ಗೆ ಎಲ್ಲ ಕೋಚುಗಳೂ ಮಾತಾಡುತ್ತಾರೆ, ವೈರಾಗ್ಯದ ಹೆಸರೆತ್ತಿದರೆ ಸೋಲಲು ಬಂದವನೇನೋ ಎಂಬಂತೆ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿದ್ದರಲ್ಲಿ ಒಂದು ಜಾಣತನವಿದೆ. ಅಭ್ಯಾಸಕ್ಕೆ ಆಸೆ ಬೇಕೇ ಬೇಕು. ಏನನ್ನೂ ಬಯಸದವನು ವರ್ಷಗಟ್ಟಲೆ ನಸುಕಿನಲ್ಲಿ ಏಳಲಾರ. ಪಂದ್ಯದ ಆ ಗಳಿಗೆಯಲ್ಲಿ ಮಾತ್ರ ಅದೇ ಆಸೆ ಕೈ ನಡುಗಿಸುತ್ತದೆ. ಅಲ್ಲಿ ಅದನ್ನು ಬದಿಗಿಡುವ ರೂಢಿ ಬೇಕು. ಆಸೆ ಇರಬೇಕೋ ಬೇಡವೋ ಎಂಬ ಜಗಳಕ್ಕಿಂತ, ಅದು ಯಾವ ಹೊತ್ತಿನಲ್ಲಿ ಎಲ್ಲಿರಬೇಕು ಎಂಬುದೇ ಆಟಗಾರನ ನಿಜವಾದ ತೊಡಕು.

ಇದಕ್ಕೆ ಬಳ್ಳಾರಿ ಜಿಲ್ಲೆಯೇ ಒಂದು ಉದಾಹರಣೆಯನ್ನು ನೋಡಿದೆ. 2019ರ ಮೇ ತಿಂಗಳಲ್ಲಿ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅವರ ಬಲ ಮೊಣಕೈಗೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಸೆತಗಾರನಿಗೆ ಮೊಣಕೈ ಹೋದರೆ ಎಲ್ಲ ಹೋದಂತೆ. ಆ ವರ್ಷದ ದೋಹಾ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. ಚೇತರಿಕೆಯ ತಿಂಗಳುಗಳನ್ನು ಅವರು ಕಳೆದದ್ದು ತೋರಣಗಲ್ಲಿನ ಇದೇ ಸಂಸ್ಥೆಯಲ್ಲಿ. ಹಾಗೆ ಚೇತರಿಸಿಕೊಳ್ಳುವ ಆಟಗಾರ ಎಷ್ಟು ದೂರ ಎಸೆದೆ ಎಂದು ಕೇಳಿಕೊಳ್ಳುವಂತಿಲ್ಲ. ಕೈ ಪೂರ್ತಿ ಚಾಚುತ್ತದೆಯೇ, ನಿನ್ನೆಗಿಂತ ಇಂದು ನೋವು ಕಡಿಮೆಯೇ, ಇಷ್ಟೇ ಕೇಳಿಕೊಳ್ಳಬೇಕು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ಎರಡನೆಯ ಎಸೆತ 87.58 ಮೀಟರ್ ಹೋಯಿತು, ಅದೇ ಚಿನ್ನ. ಅಂದು ಅವರು ಈಟಿ ನೆಲ ಮುಟ್ಟುವ ಮೊದಲೇ ಅದಕ್ಕೆ ಬೆನ್ನು ತಿರುಗಿಸಿ ಕೈಯೆತ್ತಿದ್ದರು. ಜನ ಅದನ್ನು ಆತ್ಮವಿಶ್ವಾಸ ಎಂದರು, ಸರಿಯೇ. ಎಸೆದವನ ಕೆಲಸ ಕೈಯಿಂದ ಈಟಿ ಬಿಟ್ಟಲ್ಲಿಗೆ ಮುಗಿಯಿತು, ಉಳಿದದ್ದು ಗಾಳಿಯ ಕೆಲಸ ಎಂದೂ ಅದನ್ನು ಓದಬಹುದು.

ರೋಮಿನ ಸಿಸೆರೊ ಕ್ರಿ.ಪೂ. 45ರ ಸುಮಾರಿಗೆ ಬರೆದ ಗ್ರಂಥವೊಂದರಲ್ಲಿ ಸ್ಟೋಯಿಕ್ ಪಂಥದವರ ಬಾಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿಸಿದ್ದಾನೆ. ಬಿಲ್ಲುಗಾರ ನೇರವಾಗಿ ಬಾಣ ಬಿಡಲು ತನ್ನಿಂದಾಗುವುದನ್ನೆಲ್ಲ ಮಾಡಬೇಕು, ಅದೇ ಅವನ ಗುರಿ. ಬಾಣ ಗುರಿಗೆ ತಾಗುವುದು ಆಯ್ದುಕೊಳ್ಳತಕ್ಕದ್ದೇ ಹೊರತು ಬಯಸತಕ್ಕದ್ದಲ್ಲ. ಕುರುಕ್ಷೇತ್ರದ ಮಾತನ್ನು ಕೇಳದ ಜನ ಕೂಡ ಅದೇ ಕಟ್ಟೆಗೆ ಬಂದು ಕುಳಿತಿದ್ದಾರೆ.

ಇಲ್ಲಿ ಒಂದು ಅಪಾಯವಿದೆ. ಫಲದ ಚಿಂತೆ ಬಿಟ್ಟರೆ ಫಲ ಬೇಗ ಸಿಗುತ್ತದೆ ಎಂದು ಕಲಿಸುವ ಮಾನಸಿಕ ತರಬೇತಿ ಇಂದು ದೊಡ್ಡ ವ್ಯಾಪಾರ. ಅದು ವೈರಾಗ್ಯವನ್ನೂ ಸಲಕರಣೆಯ ಚೀಲದೊಳಗೆ ತುರುಕಿಬಿಡುತ್ತದೆ, ಮೊಣಕೈ ಪಟ್ಟಿಯ ಪಕ್ಕದಲ್ಲಿ. ಚಿನ್ನಕ್ಕಾಗಿ ಚಿನ್ನದ ಆಸೆ ಬಿಟ್ಟವನು ಬಿಟ್ಟದ್ದಾದರೂ ಏನನ್ನು? ಈ ಮೋಸ ಬಯಲಾಗುವುದು ಸೋತ ದಿನ. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್‌ನಲ್ಲಿ ನೀರಜ್ ಅವರ ಆರು ಎಸೆತಗಳಲ್ಲಿ ಐದು ಫೌಲ್ ಆದವು. ಸರಿಯಾಗಿ ಬಿದ್ದ ಒಂದೇ ಎಸೆತ 89.45 ಮೀಟರ್, ಟೋಕಿಯೊದ ಚಿನ್ನಕ್ಕಿಂತ ಹೆಚ್ಚು ದೂರ. ಆದರೆ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಒಲಿಂಪಿಕ್ ದಾಖಲೆಯನ್ನೇ ಮುರಿದಿದ್ದರು. ಹೆಚ್ಚು ಚೆನ್ನಾಗಿ ಎಸೆದು ಕಡಿಮೆ ಪದಕ ಪಡೆಯುವುದು ಸಾಧ್ಯ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷ್ಯವೂ ಹೇಳಲಾರದು. ಅದೇ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್ ತಲುಪಿ, ಮರುದಿನದ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಸ್ಪರ್ಧೆಯಿಂದಲೇ ಹೊರಬಿದ್ದರು.

ಶರಣರು ಈ ಗಂಟನ್ನು ಬೇರೆ ಕಡೆಯಿಂದ ಬಿಡಿಸಿದರು. ಹನ್ನೆರಡನೆಯ ಶತಮಾನದ ಆ ಚಳವಳಿ ಫಲವನ್ನು ಬೇಡ ಎನ್ನಲಿಲ್ಲ. ಕಾಯಕ ಮಾಡು, ಬಂದದ್ದನ್ನು ದಾಸೋಹಕ್ಕೆ ಕೊಡು ಎಂದಿತು. ನೆರೆಯ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆನ್ನಲಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬಾ ಎಂದು ಕಳಿಸಿದಳು.

ತುಂಗಭದ್ರೆಯ ದಂಡೆಯ ಸಿರುಗುಪ್ಪದಲ್ಲಿ ಈ ಕಥೆಗೆ ಬೇರೆಯೇ ತೂಕ. ಕಾಲುವೆ ನೀರಿನ ಭತ್ತ, ಸಾಲು ಸಾಲು ರೈಸ್‌ಮಿಲ್ಲು, ಬೆನ್ನ ಮೇಲೆ ಮೂಟೆ ಹೊತ್ತು ಲಾರಿ ತುಂಬುವ ಹಮಾಲರು, ನೆಲಕ್ಕೆ ಚೆಲ್ಲಿದ ಅಕ್ಕಿ ಗುಡಿಸಿಕೊಳ್ಳುವ ಹೆಂಗಸರು ಆ ಊರಿನ ದಿನನಿತ್ಯ. ಅಲ್ಲಿನ ಶಾಲೆಯಲ್ಲಿ ಕಬಡ್ಡಿ, ಓಟ ಕಲಿಯುವ ಮಕ್ಕಳಲ್ಲಿ ಎಷ್ಟೋ ಜನ ಇಂಥ ಮನೆಗಳವರು. ಇನ್ನೂ ಸ್ವಲ್ಪ ಬೇಕು ಎಂದು ಬಯಸುವುದಕ್ಕೆ ಅವರಿಗೆ ಎಲ್ಲ ಕಾರಣಗಳೂ ಇವೆ. ಹೊಟ್ಟೆ ತುಂಬದ ಮನೆಯ ಮಗುವಿಗೆ ಆಸೆ ಬಿಡು ಎಂದು ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ಲಕ್ಕಮ್ಮನ ಮಾತಿಗೆ ಬೆಲೆ ಬಂದದ್ದು ಅವಳೇ ಬಡವಿಯಾಗಿದ್ದರಿಂದ. ಬೇಡ ಎಂದದ್ದು ಅವಳು, ಉಳ್ಳವರು ಅವಳಿಗೆ ಹೇಳಿಕೊಟ್ಟದ್ದಲ್ಲ.

ಆಟಗಾರನಿಗೆ ಲಕ್ಕಮ್ಮ ಕಲಿಸಬಲ್ಲದ್ದು ಅಳತೆ. ದಿನದ ಸಾಮು ದಿನಕ್ಕೆ. ಕೋಚ್ ಹತ್ತು ಸುತ್ತು ಹೇಳಿದರೆ ಹದಿನೈದು ಓಡಿ ಬರುವ ಹುಡುಗನನ್ನು ಊರು ಹೊಗಳುತ್ತದೆ, ಅವನ ಮಂಡಿ ಹೊಗಳುವುದಿಲ್ಲ. ದಣಿದ ಸ್ನಾಯು ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ, ಓಡುವಾಗ ಅಲ್ಲ ಎಂದು ಇಂದಿನ ಕ್ರೀಡಾವಿಜ್ಞಾನ ಹೇಳುತ್ತದೆ. ಹೆಚ್ಚಿನ ಅಕ್ಕಿಯ ಇನ್ನೂ ಕೆಟ್ಟ ರೂಪ ಸಿರಿಂಜಿನಲ್ಲಿ ಬರುತ್ತದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ 2023ರ ಲೆಕ್ಕದಲ್ಲಿ, ಐದು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ದೇಶಗಳ ಪೈಕಿ ಸಿಕ್ಕಿಬಿದ್ದವರ ಪ್ರಮಾಣ ಅತಿ ಹೆಚ್ಚಿದ್ದದ್ದು ಭಾರತದಲ್ಲಿ, ಶೇ 3.8. ಅವರೆಲ್ಲ ದುಷ್ಟರಾಗಿರಲಿಕ್ಕಿಲ್ಲ. ಒಂದು ಪದಕ ಬಂದರೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ನೌಕರಿ, ಮನೆಗೊಂದು ಗಟ್ಟಿ ಛಾವಣಿ ಎಂದು ಲೆಕ್ಕ ಹಾಕಿದವರು ಅವರಲ್ಲಿ ಕಡಿಮೆಯೇನಲ್ಲ. ಗುಣದ ಪ್ರಶ್ನೆ ಸಂಬಳದ ಪ್ರಶ್ನೆಯಿಂದ ಬೇರೆಯಾಗಿ ನಿಲ್ಲುವುದು ಪುಸ್ತಕದಲ್ಲಿ ಮಾತ್ರ.

ಇನ್ನು ಎದುರಾಳಿಯ ಮಾತು. ಆಟದ ತತ್ತ್ವವೆಲ್ಲ ಕೊನೆಗೆ ಬಂದು ನಿಲ್ಲುವುದು ಅವನ ಹತ್ತಿರ.

ಜೂಡೊ ಹುಟ್ಟಿದ್ದು ದೇವಸ್ಥಾನದಲ್ಲಿ ಎಂದರೆ ತಪ್ಪಾಗದು. ಜಿಗೊರೊ ಕಾನೊ 1882ರಲ್ಲಿ ತಮ್ಮ ಶಾಲೆ ಕೊಡೊಕಾನನ್ನು ಶುರುಮಾಡಿದ್ದು ಟೋಕಿಯೊದ ಒಂದು ಬೌದ್ಧ ಮಂದಿರದ ಕೋಣೆಯಲ್ಲಿ. ತಾನೂ ಎದುರಾಳಿಯೂ ಒಟ್ಟಿಗೆ ಬೆಳೆಯಬೇಕು ಎಂಬುದು ಅವರು ಹಾಕಿಕೊಟ್ಟ ಸೂತ್ರ. ಕೆಡವುವುದನ್ನು ಕಲಿಯಬೇಕಾದರೆ ಬೀಳಲು ಒಪ್ಪುವ ಜೊತೆಗಾರ ಬೇಕು, ಹಾಗಾಗಿ ಮೊದಲ ಪಾಠವೇ ಬೀಳುವುದು. ತೋರಣಗಲ್ಲಿನ ಸಂಸ್ಥೆಯಲ್ಲಿ ಜಾರ್ಜಿಯಾ ದೇಶದ ಮಮುಕಾ ಕಿಜಿಲಾಶ್ವಿಲಿ ಅವರ ಕೈಯಲ್ಲಿ ಪಳಗಿದ ಮಣಿಪುರದ ಲಿಂಥೋಯ್ ಚನಂಬಮ್, 2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಜೂಡೊದಲ್ಲಿ 57 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಯಾವ ವಯೋಮಾನದಲ್ಲೇ ಆಗಲಿ, ಜೂಡೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆಗಷ್ಟೇ ಹದಿನಾರು ತುಂಬಿದ್ದ ಹುಡುಗಿ. ಅವಳ ಚಿನ್ನದಲ್ಲಿ ಅವಳ ಕೈಯಲ್ಲಿ ದಿನವೂ ಬಿದ್ದೆದ್ದ ಜೊತೆಗಾರ್ತಿಯರ ಪಾಲಿದೆ, ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ನೀರಜ್, ಅರ್ಷದ್ ಇಬ್ಬರ ಕಥೆ ಇನ್ನೂ ಕಷ್ಟದ್ದು. ಟೋಕಿಯೊ ಫೈನಲ್‌ನಲ್ಲಿ ತನ್ನ ಈಟಿಯನ್ನು ಅರ್ಷದ್ ಕೈಗೆತ್ತಿಕೊಂಡಿದ್ದರು ಎಂದು ನೀರಜ್ ಸಹಜವಾಗಿ ಹೇಳಿದ ಮಾತನ್ನೇ ಹಿಡಿದು ಜನ ಪಾಕಿಸ್ತಾನದ ಕುತಂತ್ರ ಎಂದು ಕೂಗಾಡಿದರು. ನೀರಜ್ ವಿಡಿಯೊ ಮಾಡಿ, ನನ್ನ ಮಾತನ್ನು ನಿಮ್ಮ ದ್ವೇಷಕ್ಕೆ ಬಳಸಬೇಡಿ ಎಂಬ ಅರ್ಥದಲ್ಲಿ ಕೇಳಿಕೊಂಡರು. ಪ್ಯಾರಿಸ್‌ನಲ್ಲಿ ಮಗ ಎರಡನೆಯವನಾದಾಗ ಅವರ ತಾಯಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂದರು. 2025ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ ನಡೆಯಲಿದ್ದ ತಮ್ಮ ಹೆಸರಿನ ಕೂಟಕ್ಕೆ ನೀರಜ್ ಅವರು ಅರ್ಷದ್ ಅವರನ್ನು ಆಹ್ವಾನಿಸಿದ್ದ ಹೊತ್ತಿಗೇ ಪಹಲ್ಗಾಮ್ ದಾಳಿ ನಡೆಯಿತು. ದೇಶಕ್ಕೆ ಚಿನ್ನ ತಂದವನೂ ಅವನ ತಾಯಿಯೂ ಬೈಗುಳ ತಿನ್ನಬೇಕಾಯಿತು. ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೂಟ ನಡೆದಾಗ ಅರ್ಷದ್ ಇರಲಿಲ್ಲ. ಎದುರಾಳಿಯನ್ನು ಗೌರವಿಸುವುದು ಆಟಗಾರನ ಗುಣ ಎಂದು ಶಾಲೆಯ ಗೋಡೆಯ ಮೇಲೆ ಬರೆಸುವುದು ಸುಲಭ. ಅದರ ಬೆಲೆ ತೆರಬೇಕಾದ ದಿನ ಗೋಡೆ ಬರೆಸಿದವರು ಹತ್ತಿರ ಇರುವುದಿಲ್ಲ.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಹಳೆಯ ಒಲವಿದೆ. ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ ಬರೆದಾಗ ಕಥಾನಾಯಕ ಭೀಮನೇ. ಆದರೆ ಓದುಗನ ಎದೆಯಲ್ಲಿ ಉಳಿಯುವವನು ಸೋತು ತೊಡೆ ಮುರಿಸಿಕೊಂಡ ದುರ್ಯೋಧನ. ಗದಾಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ಹೊಡೆದ, ಹಾಗೆ ಹೊಡೆಯುವ ಸಲಹೆ ಕೊಟ್ಟವನು ಸಾಕ್ಷಾತ್ ಕೃಷ್ಣ. ಇಬ್ಬರಿಗೂ ಗದೆ ಹಿಡಿಯುವುದನ್ನು ಕಲಿಸಿದ್ದ ಬಲರಾಮ ಕೆರಳಿ ನೇಗಿಲೆತ್ತಿದನೆಂದು ಮಹಾಭಾರತವೇ ಹೇಳುತ್ತದೆ. ಧರ್ಮಕ್ಕಾಗಿ ನಿಯಮ ಮುರಿಯಬಹುದೆಂದು ಭೀಮನ ಕಡೆಯವರು ವಾದಿಸಬಹುದು, ದ್ರೌಪದಿಗೆ ಆದದ್ದನ್ನು ನೆನೆದರೆ ವಾದ ಹಗುರವಾದದ್ದೇನೂ ಅಲ್ಲ. ಆದರೆ ಕೃಷ್ಣ ಬೋಧಿಸಿದ ಗೀತೆಯನ್ನೂ ಕೃಷ್ಣ ಕೊಟ್ಟ ಈ ಸಲಹೆಯನ್ನೂ ಒಟ್ಟಿಗೆ ಇಟ್ಟುಕೊಂಡ ಪರಂಪರೆ ನಮ್ಮದು. ಗೆಲುವು ಮತ್ತು ಗುಣ ಒಂದೇ ದಾರಿಯಲ್ಲಿ ನಡೆಯುತ್ತವೆ ಎಂದು ಅದು ಎಂದೂ ಮಾತು ಕೊಟ್ಟಿಲ್ಲ.

1980ರ ಫೆಬ್ರುವರಿಯಲ್ಲಿ ಮುಂಬೈಯ ವಾಂಖೆಡೆಯಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಇದೇ ಕವಲಿನಲ್ಲಿ ನಿಂತರು. ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟ್, ಭಾರತದ ನಾಯಕ ಅವರೇ. ಭಾರತದ 242 ರನ್ನಿಗೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಬೌಲಿಂಗ್‌ನಲ್ಲಿ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಅನಿಸಿತು. ಅವರು ಹೊರಟಿದ್ದ ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಇಯಾನ್ ಬೋಥಂ ಜೋಡಿ 171 ರನ್ ಸೇರಿಸಿತು, ಬೋಥಂ ಶತಕ ಹೊಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ನಿಯಮದ ಪ್ರಕಾರ ಅವರು ಸುಮ್ಮನಿದ್ದರೂ ಯಾರೂ ಬೆರಳು ತೋರಿಸುವಂತಿರಲಿಲ್ಲ. ಹಾಗೆ ನೋಡಿದರೆ ಹನ್ನೊಂದು ಜನರ ಗೆಲುವನ್ನು ಒಬ್ಬನ ಮನಸ್ಸಾಕ್ಷಿ ದಾನ ಮಾಡಬಹುದೇ ಎಂದೂ ಕೇಳಬಹುದು, ಅಂದೂ ಕೇಳಿದವರಿದ್ದರು. ಅದಕ್ಕೆ ಸರಳ ಉತ್ತರವಿಲ್ಲ. ಆ ಟೆಸ್ಟ್‌ನಲ್ಲಿ ಯಾರು ಎಷ್ಟು ಹೊಡೆದರೆಂದು ಮರೆತವರಿಗೂ ವಿಶ್ವನಾಥ್ ಕೈಬೀಸಿ ಕರೆದದ್ದು ನೆನಪಿದೆ ಎಂಬುದು ಮಾತ್ರ ನಿಜ.

ಇಷ್ಟೆಲ್ಲ ಹೇಳಿದ ಮೇಲೆ ಗುಣ, ಮನೋಬಲ ಎಂಬ ಮಾತುಗಳ ಬಗ್ಗೆ ಒಂದು ಗುಮಾನಿಯನ್ನೂ ಹೇಳಬೇಕು. ಗೆದ್ದವರ ಮನಸ್ಸು ಗಟ್ಟಿ ಎಂದು ಹಾಡಿದಷ್ಟೂ, ಸೋತವರ ಮನಸ್ಸೇ ಕಚ್ಚಾ ಎಂಬ ತೀರ್ಪು ತಾನಾಗಿ ಹೊರಬೀಳುತ್ತದೆ. ಪ್ರಕಾಶ್ ಪಡುಕೋಣೆ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣಮಂಟಪದ ಹಾಲಿನಲ್ಲಿ, ಮದುವೆಗಳಿಲ್ಲದ ಹೊತ್ತು ನೋಡಿಕೊಂಡು ಬ್ಯಾಡ್ಮಿಂಟನ್ ಕಲಿತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಇದನ್ನು ಸೌಲಭ್ಯ ಮುಖ್ಯವಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಎಲ್ಲ ಸಮಾರಂಭಗಳಲ್ಲೂ ಹೇಳುತ್ತಾರೆ. ಆ ಹಾಲಾದರೂ ಇಲ್ಲದೆ ಮರೆಯಾದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಸ್ವತಃ ಪ್ರಕಾಶ್ 1994ರಲ್ಲಿ ಅಕಾಡೆಮಿ ಕಟ್ಟಿದ್ದು ನೋಡಿದರೆ, ಮಕ್ಕಳು ಮದುವೆ ಹಾಲಿನಲ್ಲಿ ಕಲಿಯಲಿ ಎಂದು ಅವರು ಬಯಸಿರಲಿಲ್ಲ.

ಗರಡಿಯ ಧರ್ಮಕ್ಕೂ ಕುರುಡು ಮೂಲೆಗಳಿವೆ. ಆಂಜನೇಯನ ಬ್ರಹ್ಮಚರ್ಯದ ಹೆಸರಿನಲ್ಲಿ ಅದು ತಲೆಮಾರುಗಟ್ಟಲೆ ಹೆಣ್ಣುಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿತು. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವೊ ನೂನಿಜ್, ಅರಸನ ಸೇವೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಅಂದರೆ ಬಾಗಿಲು ಹಾಕಿದ್ದು ದೇವರಲ್ಲ. ಗುರು ಹೇಳಿದ್ದೆಲ್ಲಕ್ಕೂ ತಲೆಬಾಗುವ ಶಿಸ್ತು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಏಕಲವ್ಯನ ಹೆಬ್ಬೆರಳು ಪುರಾಣದ ಸಾಕ್ಷಿ. 2023ರಲ್ಲಿ ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಬೀದಿಯಲ್ಲಿ ಕುಳಿತ ಹೆಣ್ಣುಮಕ್ಕಳು ತಲೆಬಾಗದೆ ಉಳಿದರು. ಆ ಡಿಸೆಂಬರ್‌ನಲ್ಲಿ ಒಲಿಂಪಿಕ್ ಪದಕ ವಿಜೇತೆ ಸಾಕ್ಷಿ ಮಲಿಕ್ ತಮ್ಮ ಬೂಟುಗಳನ್ನು ಪತ್ರಕರ್ತರ ಮುಂದಿನ ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು. ಆಟಗಾರನ ಗುಣಗಳ ಪಟ್ಟಿ ಮಾಡುವವರು ವಿಧೇಯತೆಯನ್ನು ಮೊದಲ ಸಾಲಿನಲ್ಲಿ ಬರೆಯುವ ಮುನ್ನ ಆ ಮೇಜನ್ನು ಒಮ್ಮೆ ನೆನೆಯಬೇಕು.

ಹಾಗೆಂದು ಗರಡಿಯ ಗುರು ಬರೀ ಹೆಬ್ಬೆರಳು ಕೇಳುವವನಲ್ಲ. ಬಳ್ಳಾರಿಯಿಂದ ದೂರವೇನೂ ಇಲ್ಲದ ಆನೆಗೊಂದಿಯ ಸುತ್ತಮುತ್ತಲನ್ನು ಜನ ಕಿಷ್ಕಿಂಧೆ ಎಂದೇ ನಂಬುತ್ತಾರೆ. ಆ ಕಥೆಯ ಹನುಮಂತನಿಗೆ ಶಾಪದಿಂದ ತನ್ನ ಶಕ್ತಿಯೇ ಮರೆತುಹೋಗಿತ್ತು. ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿದ್ದವನಿಗೆ ಅದನ್ನು ನೆನಪಿಸಿಕೊಟ್ಟವನು ಮುದುಕ ಜಾಂಬವಂತ. ಅವನಿಗೆ ಹಾರುವ ವಯಸ್ಸು ದಾಟಿತ್ತು. ಆತ್ಮವಿಶ್ವಾಸ ಒಳಗಿನಿಂದಲೇ ಉಕ್ಕಬೇಕು ಎಂಬ ಇಂದಿನ ಮಾತಿಗಿಂತ ಇದು ಹೆಚ್ಚು ನಂಬುವಂತಿದೆ. ಹದಿನಾಲ್ಕು ವರ್ಷದ ಮಗುವಿಗೆ ನಿನ್ನಿಂದ ಆಗುತ್ತದೆ ಎಂದು ಹೇಳಲು, ತನಗೆ ಇನ್ನು ಆಗುವುದಿಲ್ಲವೆಂದು ತಿಳಿದ ಒಬ್ಬ ಹಿರಿಯ ಬೇಕು.

ಅಲ್ಲಿಗೆ ಸೋತವರ ಪ್ರಶ್ನೆ ಬರುತ್ತದೆ. ತೋರಣಗಲ್ಲಿನಂಥ ಸಂಸ್ಥೆಗೋ ಸರ್ಕಾರದ ಕ್ರೀಡಾ ಹಾಸ್ಟೆಲ್ಲಿಗೋ ಆಯ್ಕೆಯಾಗುವ ಮಕ್ಕಳಲ್ಲಿ ಒಲಿಂಪಿಕ್ಸ್ ನೋಡುವವರು ಬೆರಳೆಣಿಕೆ. ಉಳಿದವರು ಇಪ್ಪತ್ತರ ಆಸುಪಾಸಿನಲ್ಲಿ ಊರಿಗೆ ಮರಳುತ್ತಾರೆ. ಓದು ಅರ್ಧ, ಆಟ ಅರ್ಧ. ಹಳೆಯ ಗರಡಿಗೆ ಅವರಿಗಾಗಿ ಕೆಲಸಗಳಿದ್ದವು. ಆಡುವ ವಯಸ್ಸು ದಾಟಿದ ಪೈಲ್ವಾನ್ ವಸ್ತಾದನಾಗುತ್ತಿದ್ದ, ಉಳುಕು ತೆಗೆಯುತ್ತಿದ್ದ, ಮೂಳೆ ಕಟ್ಟುತ್ತಿದ್ದ, ಊರಿನ ಜಗಳಗಳಲ್ಲಿ ನಡುವೆ ನಿಲ್ಲುತ್ತಿದ್ದ. ಅವನು ಎಂದಾದರೂ ಬೆಳ್ಳಿ ಗದೆ ಗೆದ್ದಿದ್ದನೇ ಎಂದು ಯಾರೂ ಕೇಳುತ್ತಿರಲಿಲ್ಲ. ಇಂದಿನ ವ್ಯವಸ್ಥೆಯಲ್ಲಿ ಕೋಚ್, ಫಿಸಿಯೊ, ಪಿ.ಟಿ. ಮೇಷ್ಟ್ರು ಆಗುವ ದಾರಿಗಳಿವೆ, ಪ್ರತಿಯೊಂದಕ್ಕೂ ಒಂದು ಸರ್ಟಿಫಿಕೇಟು ಬೇಕು, ಅದು ಆಟದ ವಯಸ್ಸಿನಲ್ಲೇ ಓದಿದವರಿಗೆ ಮಾತ್ರ ಸಿಗುತ್ತದೆ. ಆಡುವ ಮಕ್ಕಳಿಗೆ ಏಕಾಗ್ರತೆ ಕಲಿಸಲು ತಜ್ಞರನ್ನು ಕರೆಸುವ ಸಂಸ್ಥೆಗಳು ಈ ಓದಿನ ಹೊಣೆಯನ್ನೂ ಹೊತ್ತರೆ ಅದು ದಾಸೋಹದ ಲೆಕ್ಕಕ್ಕೆ ಸೇರೀತು.

ಕುರುಗೋಡಿನಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ದೊಡ್ಡ ಬಸವೇಶ್ವರನಿದ್ದಾನೆ, ಅವನ ಜಾತ್ರೆಗೆ ಸುತ್ತಲ ಹಳ್ಳಿಗಳೆಲ್ಲ ಸೇರುತ್ತವೆ. ಬಳ್ಳಾರಿ, ರಾಯಚೂರು ಸೀಮೆಯ ಜಾತ್ರೆ, ಉರುಸುಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವುದು, ಗುಂಡು ಎತ್ತುವುದು, ಜಂಗಿ ಕುಸ್ತಿ ಇಂದಿಗೂ ಉಳಿದಿವೆ. ಹಿಂದೂ, ಮುಸ್ಲಿಂ ಪೈಲ್ವಾನರು ಒಂದೇ ಮಣ್ಣಿನಲ್ಲಿ ಸೆಣಸುತ್ತಾರೆ. ತೆಂಗಿನಕಾಯಿಗಾಗಿ ಆಡುವ ಚಿಕ್ಕ ಹುಡುಗರ ಕುಸ್ತಿಯಿಂದ ಹಿಡಿದು ಕೊನೆಯ ಬೆಳ್ಳಿ ಕಡಗದ ಕುಸ್ತಿಯವರೆಗೆ ಯಾರಿಗೆ ಯಾರು ಜೋಡಿ ಎಂದು ನಿಶ್ಚಯಿಸುವವರು ಹಳೆಯ ಪೈಲ್ವಾನರು. ತಕ್ಕಡಿ ಇರುವುದಿಲ್ಲ. ಹುಡುಗನ ಹೆಗಲು ಮುಟ್ಟಿ, ಕುತ್ತಿಗೆ ನೋಡಿ, ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಜೋಡಿ ಹಚ್ಚುತ್ತಾರೆ. ಬಲಿತವನಿಗೆ ಎಳೆಯನನ್ನು ಕೊಟ್ಟರೆ ಜನ ಕೂಗೆಬ್ಬಿಸುತ್ತಾರೆ, ಅಂಥ ಗೆಲುವಿಗೆ ಹಲಗೆಯೂ ಜೋರಾಗಿ ಬಾರಿಸುವುದಿಲ್ಲ. ತೂಗಿ ನೋಡಿ ಸರಿಸಮನಾದ ಎದುರಾಳಿಯನ್ನು ಹುಡುಕಿಕೊಡುವ ಈ ಕೆಲಸ ಯಾರಿಗೆ ಬರುತ್ತದೆ ಎಂದು ವಿಚಾರಿಸಿದರೆ, ಹೆಚ್ಚು ಬಾರಿ ಗೆದ್ದವರ ಹೆಸರಿಗಿಂತ ಹೆಚ್ಚು ವರ್ಷ ಮಣ್ಣು ಅಗೆದವರ ಹೆಸರನ್ನೇ ಊರಿನವರು ಹೇಳುತ್ತಾರೆ.